ಅಂತೆ ಇಲ್ಲದ ಒಂದು ಸಾಲು

ನಮ್ಮ ಅಡ್ಡರಸ್ತೆಯಲ್ಲಿ ಯಾರನ್ನು ಕೇಳಿದರೂ ಆ ಬೇಸಿಗೆಯ ಕತೆಯನ್ನು ಒಂದೇ ರೀತಿ ಹೇಳುತ್ತಾರೆ. ನಲ್ಲಿ ನೀರಿಗೆ ಚರಂಡಿ ನೀರು ಸೇರಿ ಮನೆಮನೆಯಲ್ಲೂ ವಾಂತಿ ಭೇದಿ ಶುರುವಾದಾಗ ಮೂಲೆಮನೆಯ ಸೊಸೆ ತನ್ನ ಗೇಟಿಗೆ ಒಂದು ಕಪ್ಪು ಹಲಗೆ ತೂಗುಹಾಕಿದಳು. ಆ ಹಲಗೆಯಿಂದ ಬೀದಿ ಉಳಿಯಿತು. ಅಷ್ಟು ದಿನಗಳಲ್ಲಿ ಅವಳು ತಪ್ಪು ಬರೆದದ್ದು ಒಂದೇ ಒಂದು ಸಲ. ಅದನ್ನೂ ಮಾರನೇ ದಿನ ತಾನೇ ಒಪ್ಪಿಕೊಂಡು ಬರೆದಳು. ಎಂಥ ದೊಡ್ಡ ಮನಸ್ಸು. ಇಲ್ಲಿಗೆ ಬಂದಾಗ ಕೇಳುವವರು ತಲೆಯಾಡಿಸುತ್ತಾರೆ. ದಿನಸಿ ಅಂಗಡಿಯಲ್ಲಿ ಕೇಳಿದ್ದೇನೆ, ಸತ್ಯನಾರಾಯಣ ಪೂಜೆಯ ಪ್ರಸಾದದ ಸಾಲಿನಲ್ಲಿ ಕೇಳಿದ್ದೇನೆ, ನಮ್ಮ ಮನೆಯ ಹಾಲ್‌ನಲ್ಲೇ ಅಮ್ಮನ ಬಾಯಿಂದ ಕೇಳಿ ಕೇಳಿ ಸಾಕಾಗಿದೆ.

ಕಾಲೇಜಿನಲ್ಲಿ ನನಗೆ ಚರ್ಚೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು: ಎಲ್ಲರೂ ಒಪ್ಪಿದ ಮಾತಿನಲ್ಲಿ ಯಾರೂ ಮುಟ್ಟಿ ನೋಡದ ಒಂದು ಮೊಳೆ ಇರುತ್ತೆ, ಮೊದಲು ಅದನ್ನು ಹುಡುಕಿ ಅಲ್ಲಾಡಿಸು. ಈ ಕತೆಯಲ್ಲಿ ಆ ಮೊಳೆ 'ಒಂದೇ ಒಂದು ಸಲ' ಎನ್ನುವ ಮಾತು. ಅದನ್ನು ನಾನು ಒಪ್ಪುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಸ್ಪಷ್ಟನೆ. ಮೂಲೆಮನೆಯ ಸೊಸೆ ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು. ಎದುರಿಗೆ ಸಿಕ್ಕರೆ 'ಅಕ್ಕ' ಎನ್ನುತ್ತೇನೆ, 'ನೀವು' ಎನ್ನುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವಳು ಯಾವತ್ತೂ ಏಕವಚನ. ಇಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಬರೆಯುತ್ತಿರುವುದರಿಂದ ಏಕವಚನದಲ್ಲೇ ಬರೆಯುತ್ತೇನೆ.

ಮಲ್ಲೇಶ್ವರದ ಈ ರಸ್ತೆಯಲ್ಲಿ ನಮ್ಮದು ಒಂಬತ್ತನೇ ಮನೆ. ನಮ್ಮ ಮನೆತನದಲ್ಲಿ ಎಲ್ಲರೂ ಮೇಷ್ಟ್ರುಗಳು ಇಲ್ಲವೇ ಗುಮಾಸ್ತರು. ದನಿ ಎತ್ತದೆ ನಿವೃತ್ತರಾದವರು. ನಾನೊಬ್ಬಳೇ ಬಾಯಿ ಬಡುಕಿ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗಿ ಗೆದ್ದು ತಂದ ಕಪ್ಪುಗಳು, ಶೀಲ್ಡುಗಳು ಶೋಕೇಸಿನಲ್ಲಿ ಅಜ್ಜಿಯ ದಸರಾ ಬೊಂಬೆಗಳನ್ನು ಮೂಲೆಗೆ ತಳ್ಳಿವೆ. ನಾನು ಕಾನೂನು ಓದುತ್ತಿದ್ದೇನೆ. ಆ ಬೇಸಿಗೆಯಲ್ಲಿ ಅಪ್ಪ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದರು. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ.

ನಮಗೆ ದಿನ ಬಿಟ್ಟು ದಿನ ಬೆಳಗಿನ ಜಾವ ಕಾವೇರಿ ನೀರು ಬರುತ್ತದೆ. ಆ ದಿನ ಬಂದ ನೀರಿಗೆ ಕೊಳೆತ ಎಲೆಕೋಸಿನ ವಾಸನೆಯಿತ್ತು. ಎರಡು ದಿನದಲ್ಲಿ ಮೂರು ಮನೆಯವರು ಹಾಸಿಗೆ ಹಿಡಿದರು. ಆಮೇಲೆ ಸುದ್ದಿಗಳು ಶುರುವಾದವು. ಕಾಲರಾ ಅಂತೆ. ಪೈಪು ಒಡೆದಿರೋದು ದೇವಸ್ಥಾನದ ಹತ್ತಿರ ಅಂತೆ. ಹದಿನೈದನೇ ಕ್ರಾಸಿನಲ್ಲಿ ಒಬ್ಬರು ಹೋಗೇಬಿಟ್ಟರಂತೆ. ಕುದಿಸಿದರೂ ಹೋಗಲ್ವಂತೆ. ಕ್ಯಾನ್ ನೀರನ್ನೂ ಅದೇ ನಲ್ಲಿಯಿಂದ ತುಂಬುತ್ತಾರಂತೆ.

ನನಗೆ ಇದು ಹೇಳಿ ಮಾಡಿಸಿದ ಸಂದರ್ಭ. ಒಂದೇ ಗಂಟೆಯಲ್ಲಿ ರಸ್ತೆಯ ಎಲ್ಲರನ್ನೂ ಸೇರಿಸಿ 'ಖಚಿತ ಮಾತ್ರ' ಎಂದು ಒಂದು ವಾಟ್ಸಾಪ್ ಗ್ರೂಪು ಮಾಡಿದೆ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂಬುದಿಲ್ಲದೆ ಏನನ್ನೂ ಹಾಕಬಾರದು ಎಂದು ನಿಯಮ ಬರೆದೆ. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ, ನನಗೆ ಬಹಳ ಹೆಮ್ಮೆಯಿದ್ದ ನಿಯಮ: ಈ ಗ್ರೂಪಿನಲ್ಲಿ ಯಾವ ವಾಕ್ಯವೂ 'ಅಂತೆ' ಎಂದು ಮುಗಿಯಬಾರದು. ನಮ್ಮ ಭಾಷೆಯ ಎಲ್ಲ ಗಾಳಿಸುದ್ದಿಯೂ ಆ ಎರಡು ಅಕ್ಷರದ ಬಾಲ ಹಿಡಿದೇ ಓಡಾಡುತ್ತದೆ, ಬಾಲ ಕತ್ತರಿಸಿದರೆ ಪ್ರಾಣಿ ಸಾಯುತ್ತದೆ ಎಂದುಕೊಂಡಿದ್ದೆ.

ಪ್ರಾಣಿ ಸಾಯಲಿಲ್ಲ. ಬಾಲ ಮಾತ್ರ ಹೋಯಿತು. ಎದುರುಮನೆಯ ನಿವೃತ್ತ ಬ್ಯಾಂಕ್ ಅಂಕಲ್ ಅದೇ ಸಂಜೆ ಹಾಕಿದರು: 'ಹದಿನೈದನೇ ಕ್ರಾಸಿನಲ್ಲಿ ಒಬ್ಬರು ತೀರಿಕೊಂಡಿದ್ದಾರೆ.' ನಾನು ಗೇಟು ದಾಟಿ ಅವರ ವರಾಂಡಕ್ಕೇ ಹೋದೆ.

"ಅಂಕಲ್, ಬೆಳಿಗ್ಗೆ ನೀವೇ 'ತೀರ್ಕೊಂಡ್ರಂತೆ' ಅಂದ್ರಿ."

"ಹೌದಮ್ಮ. ನೀನೇ ತಾನೆ ಅಂತೆ ಹಾಕ್ಬೇಡಿ ಅಂತ ರೂಲ್ ಮಾಡಿದ್ದು. ತೆಗ್ದಾಕಿದೀನಿ ನೋಡು, ನೀಟಾಗಿದೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ವ್ಯಾಕರಣದ ತಪ್ಪು ತಿದ್ದಿಕೊಂಡವರ ಹಾಗೆ ಕನ್ನಡಕ ಏರಿಸಿದರು.

ಅಂದೇ ಸಂಜೆ ಮೂಲೆಮನೆಯ ಗೇಟಿನಲ್ಲಿ ಹಲಗೆ ಬಂತು. ಅವಳ ತವರು ಮಾಮೂಲ್‌ಪೇಟೆ. ಅಪ್ಪನದು ಹಗ್ಗ, ಚಾಪೆ, ಗೋಣಿಚೀಲದ ಅಂಗಡಿ. ಹಲಗೆಯೂ ಅಲ್ಲಿಯದೇ. ಚೌಕಟ್ಟಿನ ಒಂದು ಕಡೆ ಇಲಿ ಕಡಿದ ಗುರುತಿತ್ತು. ಬಿ.ಕಾಂ. ಎರಡನೇ ವರ್ಷಕ್ಕೆ ಮದುವೆಯಾಗಿ ಓದು ನಿಂತಿತ್ತು ಎಂದು ಅಮ್ಮ ಹೇಳಿದ್ದಳು. ಅಕ್ಷರ ಮಾತ್ರ ಗುಂಡಗೆ, ರಂಗೋಲಿಯ ಚುಕ್ಕಿಗಳಿಗೆ ಸುತ್ತುಹಾಕಿದ ಹಾಗೆ. ಅವತ್ತು ಎರಡು ಸಾಲು ಇತ್ತು:

ನಾಳೆ ನಲ್ಲಿ ನೀರು ಬಿಡುವುದಿಲ್ಲ. ವಾಲ್ವ್ ತಿರುಗಿಸುವವರನ್ನು ಕಂಡು ಕೇಳಿದ್ದು.

ಮಧ್ಯಾಹ್ನ ಟ್ಯಾಂಕರ್ ಬರುತ್ತದಂತೆ. ಹೇಳಿದವರು ಹಾಲಿನ ಬೂತಿನವರು.

ನಾನು ಅಲ್ಲೇ ನಿಂತು ವಾದ ಹೂಡಿದೆ. "ಅಕ್ಕ, ಎರಡ್ನೇದು ಗಾಳಿಸುದ್ದಿ ಅಲ್ವಾ? ನೀವೇ ಬರ್ದು ತೂಗಾಕಿದ್ರೆ ಹೆಂಗೆ?"

"ಗಾಳಿಸುದ್ದೀನೇ. ಅದ್ಕೇ ಅಂತೆ ಹಾಕಿದೀನಿ."

"ಹಂಗಾದ್ರೆ ಬರೀಲೇಬಾರ್ದಲ್ವಾ?"

"ಬರೀದಿದ್ರೆ ಎಲ್ಲಿಗೆ ಹೋಗುತ್ತೆ, ಲಾಯರಮ್ಮ? ನನ್ ಕಿವಿಗೆ ಬಿದ್ದಿದ್ದು ನಿಮ್ ಕಿವಿಗೂ ಬಿದ್ದಿರುತ್ತೆ. ಇಲ್ಲಿದ್ರೆ ಯಾರಾದ್ರೂ ಹೋಗಿ ನೋಡ್ಕೊಂಡ್ ಬಂದು ಹೇಳ್ತಾರೆ. ನಿಜ ಆಗಿದ್ರೆ ಅಂತೆ ಅಳಿಸ್ತೀನಿ. ಸುಳ್ಳಾಗಿದ್ರೆ ಸಾಲೇ ಅಳಿಸ್ತೀನಿ." ಗೇಟಿನ ಮೊಳೆಗೆ ಒಂದು ಒದ್ದೆ ಬಟ್ಟೆ ನೇತುಬಿದ್ದಿತ್ತು. ಅದನ್ನು ಅವಳ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಕುಹಕದಿಂದಲೇ ಕೇಳಿದ್ದು, ಅವಳಿಗೆ ಅದು ಕುಹಕವಾಗಿ ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ತೋರಿಸಿಕೊಳ್ಳಲಿಲ್ಲ.

"ನಮ್ಮಪ್ಪನ ಅಂಗಡೀಲಿ. ಬೋರ್ಡಲ್ಲಿ ದಿನದ ರೇಟ್ ಬರೀತಿದ್ವಿ. ಕೇಳಿದ ರೇಟಿಗೆ ಅಂತೆ, ಕಂಡ ರೇಟಿಗೆ ಇಲ್ಲ. ದಿನಾ ಸ್ಕೂಲಿಂದ ಬಂದ್ಮೇಲೆ ಬೋರ್ಡ್ ಬರಿಯೋದು ನನ್ ಕೆಲಸ. ಒಂದಿನ, ಹತ್ತು ವರ್ಷ ಇರ್ಬೇಕು ಆಗ, ಅಂತೆ ಬರಿಯೋದು ಮರ್ತೆ. ಅಪ್ಪ ಬೋರ್ಡ್ ನಂಬಿ ಒಂದು ಲಾರಿ ಚೀಲ ತರಿಸ್ಬಿಟ್ರು. ಬೈಲಿಲ್ಲ ಅವ್ರು. ಬೈದಿದ್ರೆ ಚೆನ್ನಾಗಿತ್ತು. ಇವತ್ತಿಗೂ ಬರೆದ್ಮೇಲೆ ಒಂದ್ಸಲ ತಿರುಗಿ ನೋಡ್ತೀನಿ, ಹಾಕಿದೀನೋ ಇಲ್ವೋ ಅಂತ."

ಅವಳು ಇದನ್ನು ನಗುತ್ತಲೇ ಹೇಳಿದಳು. ನಾನು ಕೇಳಿಸಿಕೊಂಡೆ. ಎದುರಾಳಿ ತಾನಾಗಿ ಬಿಟ್ಟುಕೊಟ್ಟ ಮಾತನ್ನು ಮರೆಯಬಾರದು ಎನ್ನುವುದೂ ಚರ್ಚೆಯ ಪಾಠವೇ.

ಮೂರು ದಿನದಲ್ಲಿ ನನ್ನ ಗ್ರೂಪು ತಣ್ಣಗಾಯಿತು. ಜನ ಬೆಳಿಗ್ಗೆ ಹಾಲು ತರುವಾಗ, ಸಂಜೆ ವಾಕಿಂಗ್ ಮುಗಿಸಿ ಬರುವಾಗ ಹಲಗೆಯ ಮುಂದೆ ನಿಲ್ಲತೊಡಗಿದರು. ನಾನು ಜಲಮಂಡಳಿಗೆ ಫೋನು ಮಾಡಿ, ಕಾದು, ಎಂಜಿನಿಯರ್ ಹೇಳಿದ ಮಾತನ್ನು ಪಕ್ಕಾ ಬರೆದುಕೊಂಡು, ಸಮಯ ಸಮೇತ ಹಾಕಿದ ಸಂದೇಶಕ್ಕೆ ಒಂದು ಹೆಬ್ಬೆಟ್ಟಿನ ಚಿತ್ರ ಬಂದರೆ ಹೆಚ್ಚು. ಅದೇ ಮಾತನ್ನು ಅವಳು ನನ್ನಿಂದಲೇ ಕೇಳಿ ಹಲಗೆಯ ಮೇಲೆ ಬರೆದರೆ ಬೀದಿಯೇ ಓದಿ ಪಾತ್ರೆ ತೊಳೆದಿಟ್ಟುಕೊಳ್ಳುತ್ತಿತ್ತು. 'ಹೇಳಿದವರು ಒಂಬತ್ತನೇ ಮನೆಯ ಲಾಯರಮ್ಮ' ಎಂದು ನನ್ನ ಹೆಸರಿನ ಜಾಗದಲ್ಲಿ ಬರೆಯುತ್ತಿದ್ದಳು. ಅದರ ಕೊನೆಗೂ ಅಂತೆ ಇರುತ್ತಿತ್ತು.

"ನಾನೇ ಫೋನ್ ಮಾಡಿ ಕೇಳಿದೀನಿ ಅಕ್ಕ. ಅಂತೆ ಯಾಕೆ?"

"ನೀವು ಕೇಳಿದ್ದು. ಪೈಪ್ ಸರಿಯಾಗಿದ್ದು ಯಾರೂ ನೋಡಿಲ್ವಲ್ಲ."

ನನಗೆ ಉರಿದುಹೋಯಿತು. ಆಗ ನನ್ನನ್ನು ಯಾರಾದರೂ ಹೊಟ್ಟೆಕಿಚ್ಚಿನವಳು ಎಂದಿದ್ದರೆ ಪುರಾವೆ ಕೇಳುತ್ತಿದ್ದೆ. ಈಗ ಪುರಾವೆ ನಾನೇ ಕೊಡಬಲ್ಲೆ. ಅವಳ 'ತೆ' ಅಕ್ಷರದ ಎತ್ವ ನನಗೆ ಇವತ್ತಿಗೂ ಕಣ್ಣುಮುಚ್ಚಿದರೆ ಕಾಣುತ್ತದೆ. ದಿನಕ್ಕೆ ನಾಲ್ಕು ಸಲ ನೆಪ ಮಾಡಿಕೊಂಡು ಆ ಗೇಟಿನ ಮುಂದೆ ಹಾದುಹೋಗಿ ಎಷ್ಟು ಜನ ನಿಂತಿದ್ದಾರೆ ನೋಡುತ್ತಿದ್ದೆ. ಅವಳು ಯಾರನ್ನೂ ಸೋಲಿಸದೆ ಗೆಲ್ಲುತ್ತಿದ್ದಳು. ನನಗೆ ಆ ಆಟ ಗೊತ್ತಿರಲಿಲ್ಲ. ನಾನು ಗೆದ್ದ ಎಲ್ಲ ಸಲವೂ ವೇದಿಕೆಯ ಆ ಕಡೆ ಒಬ್ಬರು ಸೋತು ಕುಳಿತಿರುತ್ತಿದ್ದರು.

ಮತ್ತೆ ಅಮ್ಮ. ಗ್ರೂಪಿನಲ್ಲಿ ಅಮ್ಮನೂ ಇದ್ದಳು. ಒಂದು ಸಂಜೆ ನಾನು ಅವಳ ಎದುರಿಗೇ ಕುಳಿತು ಸಂದೇಶ ಹಾಕಿದೆ. ಅವಳ ಫೋನು ಟೇಬಲ್ಲಿನ ಮೇಲೆ ಸದ್ದು ಮಾಡಲಿಲ್ಲ, ಮ್ಯೂಟ್ ಮಾಡಿಟ್ಟಿದ್ದಳು. ಐದು ನಿಮಿಷ ಬಿಟ್ಟು ಕೇಳಿದಳು, "ಪುಟ್ಟಿ, ಬೋರ್ಡಲ್ಲಿ ಏನ್ ಬರ್ದಿದಾಳೆ ನೋಡ್ಕೊಂಡ್ ಬಾರೇ."

"ನಾನ್ ಈಗಷ್ಟೇ ಹಾಕಿದೀನಲ್ಲಮ್ಮ ಗ್ರೂಪಲ್ಲಿ."

"ನೀನ್ ಹಾಕಿರ್ತೀಯ ಕಣೇ. ಅವಳೇನ್ ಬರ್ದಿದಾಳೆ ಅಂತ ಕೇಳ್ದೆ."

ರಸ್ತೆಯ ಕೊನೆಯ ವಠಾರದಲ್ಲಿ ಒಬ್ಬಾಕೆ ಇದ್ದರು. ಎಲ್ಲರಿಗೂ ಡಬ್ಬಿ ಆಂಟಿ. ಒಂಟಿ ಹೆಂಗಸು. ಮತ್ತಿಕೆರೆಯ ಲಾಡ್ಜುಗಳಲ್ಲಿರುವ ಕಾಲೇಜು ಹುಡುಗರಿಗೆ ಸ್ಟೀಲ್ ಕ್ಯಾರಿಯರುಗಳಲ್ಲಿ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ ಕಳಿಸುತ್ತಿದ್ದರು. ಅವರ ಬದುಕು ನಡೆಯುತ್ತಿದ್ದದ್ದು ಅಷ್ಟರಿಂದಲೇ. ಮೂಲೆಮನೆಯ ಸೊಸೆಗೆ ಈ ರಸ್ತೆಯಲ್ಲಿ ಗೆಳತಿ ಎನ್ನುವವರು ಇದ್ದರೆ ಅವರೊಬ್ಬರೇ. ದಿನಾ ಸಂಜೆ ಇಬ್ಬರೂ ಮೂಲೆಮನೆಯ ಜಗಲಿಯ ಮೇಲೆ ಕುಳಿತು ಮಾರನೇ ದಿನದ ಸೊಪ್ಪು ಬಿಡಿಸುತ್ತಿದ್ದರು.

ಏಳನೇ ದಿನವೋ ಎಂಟನೇ ದಿನವೋ, ಬೆಳಿಗ್ಗೆ ನಾನು ಹಲಗೆಯ ಹತ್ತಿರ ಹೋದಾಗ ಡಬ್ಬಿ ಆಂಟಿ ಅಲ್ಲಿದ್ದರು.

"ಬರಿಯೇ," ಎನ್ನುತ್ತಿದ್ದರು. "ನನ್ ಊಟ ತಿಂದು ಮತ್ತಿಕೆರೆ ಹುಡುಗ್ರಿಗೆ ವಾಂತಿ ಅಂತ ಪೇಪರ್ ಹಾಕೋನು ಹೇಳ್ಕೊಂಡ್ ತಿರುಗ್ತಿದಾನಂತೆ. ಹಿಂದಿಂದ ಗುಸುಗುಸು ಅನ್ನೋದಕ್ಕಿಂತ ನಿನ್ ಬೋರ್ಡಲ್ಲಿ ಎಲ್ರ ಕಣ್ಣಿಗೂ ಬೀಳ್ಲಿ."

"ನಿಮ್ ಹೆಸ್ರು ನಾನೇ ಹೆಂಗ್ ಬರೀಲಿ ಆಂಟಿ?"

"ಅಂತೆ ಹಾಕಿ ಬರಿ. ಅಂತೆ ಇದ್ರೆ ನಮ್ ಬೀದಿ ಜನ ಕಾಯ್ತಾರೆ. ನೀನೇ ತಾನೆ ಕಲ್ಸಿರೋದು."

ಅವಳು ಬರೆದಳು: ಡಬ್ಬಿ ಊಟದಿಂದ ಮತ್ತಿಕೆರೆ ಹುಡುಗರಿಗೆ ವಾಂತಿ ಆಗಿದೆಯಂತೆ. ಬರೆದು ಒಂದು ಹೆಜ್ಜೆ ಹಿಂದೆ ಸರಿದು ಕೊನೆಯ ಅಕ್ಷರಗಳನ್ನು ನೋಡಿದಳು. "ಮಧ್ಯಾಹ್ನ ನಾನೇ ಹೋಗಿ ನೋಡ್ಕೊಂಡ್ ಬರ್ತೀನಿ," ಎಂದಳು. ಡಬ್ಬಿ ಆಂಟಿ ಅವಳ ಬೆನ್ನು ತಟ್ಟಿ ಒಲೆ ನೋಡಲು ಓಡಿದರು.

ಆಗ ಆ ಸಾಲಿನ ಮೇಲಿನ ಸಾಲು ನನ್ನ ಕಣ್ಣಿಗೆ ಬಿತ್ತು. ಒಂಬತ್ತನೇ ಮನೆಯಲ್ಲಿ ಒಬ್ಬರಿಗೆ ನಿನ್ನೆಯಿಂದ ಭೇದಿ. ನೋಡಿದ್ದು.

ಒಂಬತ್ತನೇ ಮನೆ ನಮ್ಮದು. ನನಗೆ ಭೇದಿ ಇರಲಿಲ್ಲ.

ಮನೆಗೆ ಬಂದೆ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು. ಹಿಂದಿನ ದಿನವಿಡೀ ನಾನು ರೂಮಿನ ಬಾಗಿಲು ಹಾಕಿಕೊಂಡು ಗ್ರೂಪಿನಲ್ಲಿ ಯಾರ ಯಾವ ಮಾತು ಸುಳ್ಳು ಎಂದು ಪಟ್ಟಿ ಮಾಡುತ್ತಿದ್ದೆ. ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮದಲ್ಲದ ಒಂದು ಸ್ಟೀಲ್ ಪಾತ್ರೆ, ಅದರಲ್ಲಿ ಅರ್ಧ ಗಂಜಿ.

"ನಂಗ್ಯಾಕೆ ಹೇಳ್ಲಿಲ್ಲ?"

"ಏನ್ ಹೇಳೋದು. ಕಡಿಮೆ ಆಗ್ತಿದೆ."

"ಅವ್ರಿಗ್ ಹೇಳಿದ್ಯಲ್ಲ."

"ನಿಂಗ್ ಹೇಳಿದ್ರೆ ಎಷ್ಟ್ ಸಲ ಆಯ್ತು, ಯಾವಾಗಿಂದ, ಏನ್ ಕುಡ್ದೆ, ಕುದಿಸಿದ್ಯಾ, ಎಷ್ಟೊತ್ತು ಕುದಿಸ್ದೆ ಅಂತ ಶುರು ಮಾಡ್ತೀಯ. ನಂಗೆ ಬಾತ್‌ರೂಮಿಗೆ ಓಡೋಕೇ ಟೈಮಿರ್ಲಿಲ್ಲ."

"ಅವ್ರು ಕೇಳ್ಲಿಲ್ವಾ?"

"ಅವಳೂ ಕೇಳಿದ್ಲು," ಎಂದಳು ಅಮ್ಮ, ಕಣ್ಣು ತೆರೆಯದೆ. "ಗಂಜಿ ಆರಿಸ್ತಾ ಕೇಳಿದ್ಲು."

ಆ ದಿನ ನಾನು ಊಟ ಮಾಡಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ಹಲಗೆಯ ಮೇಲೂ ಬರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಅವಳು ಆಟೋ ಹತ್ತಿ ಮತ್ತಿಕೆರೆಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಆ ಹೊತ್ತಿನಲ್ಲಿ ನಮ್ಮ ರಸ್ತೆ ಪೂರ್ತಿ ಮಲಗಿರುತ್ತದೆ. ಫ್ಯಾನುಗಳ ಸದ್ದು ಬಿಟ್ಟರೆ ಏನೂ ಇಲ್ಲ. ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಮೂಲೆಮನೆಯವರೆಗೆ ನಡೆಯುವಾಗ ನನ್ನ ತಲೆಯಲ್ಲಿ ಅಚ್ಚುಕಟ್ಟಾದ ಒಂದು ವಾದ ತಯಾರಾಗಿತ್ತು. ಇವರೆಲ್ಲ ಹಲಗೆಯನ್ನು ಓದುತ್ತಿದ್ದಾರೋ, ನಂಬುತ್ತಿದ್ದಾರೋ? ಓದುವವರಾದರೆ 'ಯಾರು ನೋಡಿದ್ದು' ಎಂದು ಕೇಳುತ್ತಾರೆ. ನಂಬುವವರಾದರೆ ನನ್ನ ಗ್ರೂಪಿಗೂ ಇದಕ್ಕೂ ವ್ಯತ್ಯಾಸವಿಲ್ಲ ಎಂದಾಯಿತು. ಇದೊಂದು ಪರೀಕ್ಷೆ. ಪರೀಕ್ಷೆ ಮಾಡುವುದರಲ್ಲಿ ತಪ್ಪೇನು?

ಒದ್ದೆ ಬಟ್ಟೆ ಮುಟ್ಟಲಿಲ್ಲ. ಒದ್ದೆ ಮಾಡಿದರೆ ಗುರುತು ಉಳಿಯುತ್ತದೆ ಎಂಬಷ್ಟು ಬುದ್ಧಿ ಪರೀಕ್ಷೆ ಮಾಡುವವಳಿಗೆ ಯಾಕೆ ಬೇಕಿತ್ತು ಎಂದು ಆಗ ಯೋಚಿಸಲಿಲ್ಲ. ಹೆಬ್ಬೆರಳಿನಿಂದ ಒಂದೇ ಸಲ ಒರೆಸಿದೆ. 'ಆಗಿದೆಯಂತೆ' ಎಂಬುದರಲ್ಲಿ 'ಯಂತೆ' ಹೋಯಿತು. 'ಆಗಿದೆ' ಉಳಿಯಿತು. ನಮ್ಮ ಭಾಷೆ ಎಷ್ಟು ಸಲೀಸಾಗಿ ಬಿಟ್ಟುಕೊಟ್ಟಿತೆಂದರೆ, ವಾಕ್ಯದಲ್ಲಿ ಒಂದು ಗಾಯವೂ ಕಾಣಿಸಲಿಲ್ಲ.

ನಾಲ್ಕೂವರೆಗೆ ಬೀದಿ ಎದ್ದಿತು. ಐದು ಗಂಟೆಗೆ ನನ್ನ ಗ್ರೂಪು, ದಿನಗಟ್ಟಲೆ ಸತ್ತಿದ್ದದ್ದು, ಜೀವ ಪಡೆಯಿತು. ಬ್ಯಾಂಕ್ ಅಂಕಲ್ ಹಲಗೆಯ ಫೋಟೋ ಹಾಕಿದ್ದರು. ಕೆಳಗೆ: 'ಡಬ್ಬಿ ಊಟವೇ ಕಾರಣ. ಗಮನಿಸಿ, ಅಂತೆ ಇಲ್ಲ.' ಅದರ ಹಿಂದೆಯೇ ಹತ್ತಾರು ಜನ. ಯಾರೂ 'ಯಾರು ನೋಡಿದ್ದು' ಎಂದು ಕೇಳಲಿಲ್ಲ. ಒಬ್ಬರು ಮಾತ್ರ ಕೇಳಿದರು: 'ಅಡ್ಮಿನ್ ಏನಂತಾರೆ?'

ನನ್ನ ಪರೀಕ್ಷೆಯ ಫಲಿತಾಂಶ ಬಂದಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. 'ತಡೆಯಿರಿ, ಬೆಳಿಗ್ಗೆ ಅಂತೆ ಇತ್ತು' ಎಂದು ನಾಲ್ಕು ಪದ ಟೈಪು ಮಾಡಿದರೆ ಸಾಕಿತ್ತು. ನಾನು ಬರೆದದ್ದು: 'ಬೋರ್ಡಿನಲ್ಲಿ ಏನಿದೆಯೋ ಅದು ನಿಮ್ಮ ಮುಂದೆಯೇ ಇದೆ.' ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಬರೆದ ಮೇಲೆ ಎರಡು ಸಲ ಓದಿ ಅದನ್ನು ಖಾತ್ರಿ ಮಾಡಿಕೊಂಡಿದ್ದೆ.

ಫೋಟೋ ಯಾರ ಯಾರ ಕೈದಾಟಿತೋ, ಕತ್ತಲಾಗುವಷ್ಟರಲ್ಲಿ ಮತ್ತಿಕೆರೆಯ ಲಾಡ್ಜುಗಳಲ್ಲಿತ್ತು.

ಮಾರನೇ ಬೆಳಿಗ್ಗೆ ಎಂಟು ಗಂಟೆಗೆ ತಿಂಡಿಯ ಕ್ಯಾರಿಯರುಗಳು ವಾಪಸು ಬಂದವು. ಕೊಕ್ಕೆ ಬಿಚ್ಚಿರಲಿಲ್ಲ. ಆಟೋದವನು ಅವನ್ನು ವಠಾರದ ಮೆಟ್ಟಿಲ ಮೇಲೆ ಸಾಲಾಗಿ ಇಳಿಸಿ, ಯಾರ ಮುಖವನ್ನೂ ನೋಡದೆ ಹೊರಟ. ಉಪ್ಪಿಟ್ಟಿನ ಬಿಸಿ ಇನ್ನೂ ಆರಿರಲಿಲ್ಲ. ಡಬ್ಬಿ ಆಂಟಿ ಮೂಲೆಮನೆಯ ಗೇಟಿಗೆ ಬಂದರು. ನಾನು ಹಾಲಿನ ಪ್ಯಾಕೆಟ್ ಹಿಡಿದು ಆ ಕಡೆಯ ಫುಟ್‌ಪಾತಿನಲ್ಲಿದ್ದೆ. ಅವರು ಕೂಗಾಡಲಿಲ್ಲ.

"ನಾನೇ ಬಂದು ಬರ್ಸಿದ್ನಲ್ಲೇ," ಎಂದರು. "ನಿನ್ನ ನಂಬಿ ಬರ್ಸಿದೆ. ಒಂದು ಅಂತೆ ಹಾಕೋಕೆ ಸೀಮೆಸುಣ್ಣ ಖಾಲಿ ಆಗಿತ್ತಾ ನಿಂಗೆ?"

ಅವಳು ಹಿಂದಿನ ದಿನ ಮತ್ತಿಕೆರೆಯ ಲಾಡ್ಜುಗಳನ್ನೆಲ್ಲ ಸುತ್ತಿ, ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ರಾತ್ರಿ ಊಟದ ಹೊತ್ತಿಗೆ ಮನೆ ಸೇರಿದ್ದಳು. ನನ್ನ ಗ್ರೂಪನ್ನು ಅವಳು ತೆರೆದು ನೋಡುತ್ತಿರಲಿಲ್ಲ. ಹಲಗೆಯನ್ನು ಬೆಳಕಿನಲ್ಲಿ ನೋಡಿದ್ದು ಈಗ, ಡಬ್ಬಿ ಆಂಟಿಯ ಮುಂದೆಯೇ. ಅವಳು ಹಲಗೆ ನೋಡಿದಳು. ಆಮೇಲೆ ತನ್ನ ಬಲಗೈಯನ್ನು ಎತ್ತಿ ಬೆರಳುಗಳನ್ನು ನೋಡಿಕೊಂಡಳು, ಅವು ಬೇರೆ ಯಾರದೋ ಎನ್ನುವ ಹಾಗೆ. ಡಬ್ಬಿ ಆಂಟಿ ಸ್ವಲ್ಪ ಹೊತ್ತು ಕಾದರು. ಅವರಿಗೆ ಬೇಕಾಗಿದ್ದದ್ದು ಒಂದು 'ಹಾಕಿದ್ದೆ ಆಂಟಿ' ಎನ್ನುವ ಮಾತು. ಅದು ಬರದಿದ್ದಾಗ ತಿರುಗಿ ನಡೆದರು.

ನನ್ನ ಕೈಯಲ್ಲಿ ಹಾಲಿನ ಪ್ಯಾಕೆಟ್ ಬೆವರುತ್ತಿತ್ತು. ರಸ್ತೆ ದಾಟಲಿಲ್ಲ.

ಹತ್ತು ಗಂಟೆಗೆ ಹಲಗೆಯ ಮೇಲೆ ಬೇರೇನೂ ಇರಲಿಲ್ಲ, ಇಷ್ಟೇ: ನಿನ್ನೆ ಡಬ್ಬಿ ಊಟದ ಬಗ್ಗೆ ಇಲ್ಲಿ ಇದ್ದದ್ದು ತಪ್ಪು. ಮತ್ತಿಕೆರೆಗೆ ಹೋಗಿ ನೋಡಿ ಬಂದೆ. ವಾಂತಿಯಾದ ಹುಡುಗರು ಆ ಊಟ ತಿಂದವರಲ್ಲ, ಲಾಡ್ಜಿನ ನಲ್ಲಿ ನೀರು ಕುಡಿದವರು. ತಪ್ಪು ನನ್ನದು.

ಆಮೇಲೆ ಅವಳು ವಠಾರಕ್ಕೆ ಹೋಗಿ, ವಾಪಸು ಬಂದ ಒಂದು ಕ್ಯಾರಿಯರನ್ನು ಎತ್ತಿಕೊಂಡು ಬಂದು, ಗೇಟಿನ ಮುಂದೆ ನಿಂತು ಎಲ್ಲರೂ ನೋಡುವ ಹಾಗೆ ತಣ್ಣಗಾದ ಉಪ್ಪಿಟ್ಟು ತಿಂದಳು. ಜನ ಸುತ್ತ ಸೇರಿದರು. ಬ್ಯಾಂಕ್ ಅಂಕಲ್ ಗದ್ಗದರಾಗಿ, "ತಪ್ಪು ಒಪ್ಕೊಳಕ್ಕೂ ಧೈರ್ಯ ಬೇಕಮ್ಮ," ಎಂದರು. ಅಮ್ಮ ಇನ್ನೂ ಸುಸ್ತಿನಲ್ಲೇ ಎದ್ದುಹೋಗಿ ಅವಳ ಪಕ್ಕ ನಿಂತು ಎರಡು ತುತ್ತು ತಿಂದಳು. ಮನೆಗೆ ಬಂದು ನನಗೆ ಹೇಳಿದಳು, "ನೋಡಿ ಕಲ್ತ್ಕೋ. ಇಷ್ಟ್ ವರ್ಷದಲ್ಲಿ ನೀನೊಂದ್ ದಿನ ತಪ್ಪಾಯ್ತು ಅಂದಿದ್ದು ನಾನ್ ಕೇಳಿಲ್ಲ."

ನಾನು ಮಾಡಿದ ತಪ್ಪನ್ನು ಮೆಟ್ಟಿಲು ಮಾಡಿಕೊಂಡು ಅವಳು ಇನ್ನೂ ಮೇಲೆ ಹೋಗಿಬಿಟ್ಟಿದ್ದಳು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ನಾಚಿಕೆಗಿಂತ ಮೊದಲು ಬಂದದ್ದು ಅಸೂಯೆಯೇ. ತಪ್ಪು ನನ್ನದು ಎಂಬ ಆ ಎರಡು ಪದ ಕೂಡ ನನ್ನ ಪಾಲಿಗೆ ಉಳಿಯಲಿಲ್ಲವಲ್ಲ ಎಂದು.

ಪೈಪು ಸರಿಹೋಯಿತು. ನೀರು ಚೊಕ್ಕವಾಯಿತು. ಮತ್ತಿಕೆರೆಯ ಲಾಡ್ಜುಗಳು ಮಾತ್ರ ಡಬ್ಬಿ ಆಂಟಿಯ ಕಡೆ ತಿರುಗಲಿಲ್ಲ. ತಿದ್ದಿ ಬರೆದ ಹಲಗೆಯ ಫೋಟೋವನ್ನು ಯಾರೂ ಅಷ್ಟು ದೂರ ಕಳಿಸಿರಲಿಲ್ಲ. ನಾನೂ ಕಳಿಸಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ಅವರು ಒಲೆ ಆರಿಸಿದರು. ಈಗ ಒಂದು ಛತ್ರದಲ್ಲಿ ಮದುವೆ ದಿನಗಳಂದು ತರಕಾರಿ ಹೆಚ್ಚಲು ಹೋಗುತ್ತಾರೆ. ಮೂಲೆಮನೆಯ ಮುಂದೆ ಹಾದುಹೋಗುವಾಗ ಆ ಕಡೆಯ ಫುಟ್‌ಪಾತಿಗೆ ದಾಟುತ್ತಾರೆ. ಜಗಲಿಯ ಮೇಲೆ ಅವಳು ಒಬ್ಬಳೇ ಸೊ‌ಪ್ಪು ಬಿಡಿಸುತ್ತಾಳೆ, ಒಂದು ಮನೆಗೆ ಸಾಕಾಗುವಷ್ಟು ಮಾತ್ರ.

ಹಲಗೆ ಇನ್ನೂ ಇದೆ. ಕರೆಂಟು ಹೋಗುವ ಸಮಯ, ಪೋಲಿಯೋ ಹನಿಯ ದಿನ, ಕಸದ ಗಾಡಿ ಬಾರದ ದಿನ. ಅವಳು ಬರೆಯುವುದನ್ನು ನಾನು ಸುಮಾರು ಒಂದು ವರ್ಷದಿಂದ ನೋಡುತ್ತಿದ್ದೇನೆ. ಅವಳನ್ನು ಅಷ್ಟು ಗಮನವಿಟ್ಟು ನೋಡುವುದಕ್ಕೆ ಹೊಟ್ಟೆಕಿಚ್ಚೇ ಬೇಕು. ಮೊದಲು ಬರೆದ ಮೇಲೆ ಒಮ್ಮೆ ತಿರುಗಿ ನೋಡುತ್ತಿದ್ದಳು. ಈಗ ಸಾಲನ್ನು ಬಾಯಿಬಿಟ್ಟು ಓದುತ್ತಾಳೆ. ಅಂತೆಯ ಕೆಳಗೆ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾಳೆ. ಒಳಗೆ ಹೋಗುತ್ತಾಳೆ, ಬಾಗಿಲವರೆಗೆ ಹೋಗಿ ಮತ್ತೆ ಬಂದು ನೋಡುತ್ತಾಳೆ. ಎಷ್ಟು ಜಾಗ್ರತೆ ಎಂದು ಬೀದಿ ಮೆಚ್ಚಿಕೊಳ್ಳುತ್ತದೆ.

ನನ್ನ ವಾದ ಇಷ್ಟೇ, ಇದರಲ್ಲಿ ಎರಡೇ ದಾರಿ. ಆವತ್ತು ತಾನು ಅಂತೆ ಬರೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು, ಯಾರೋ ಅಳಿಸಿದ್ದಾರೆಂದು ತಿಳಿದೂ 'ತಪ್ಪು ನನ್ನದು' ಎಂದು ಬರೆದಳು. ಹಾಗಿದ್ದರೆ ಆ ಹಲಗೆಯ ಮೇಲೆ ಅವಳು ಬರೆದ ಏಕೈಕ ಸುಳ್ಳು ಅದು. ಇಲ್ಲವೇ, ಹತ್ತು ವರ್ಷದ ಆ ಹುಡುಗಿಯ ಹಾಗೆ ತಾನು ಮತ್ತೆ ಮರೆತೆ ಎಂದೇ ನಂಬಿ, ಗೆಳತಿಯ ಒಲೆ ಆರಿಸಿದ್ದು ತನ್ನ ಕೈ ಎಂದುಕೊಂಡು ಇಷ್ಟು ದಿನ ಬದುಕುತ್ತಿದ್ದಾಳೆ. ಮೊದಲನೆಯದು ನಿಜವಾದರೆ ನಾನು ಅವಳಿಗೆ ಸೋತೆ. ಎರಡನೆಯದು ನಿಜವಾದರೆ ಸೋಲು ಗೆಲುವಿನ ಮಾತೇ ಅಲ್ಲ. ಮೊದಲನೆಯದೇ ನಿಜವಾಗಲಿ, ಈ ಒಂದು ಸಲ ನಾನು ಸೋಲಲಿ ಎಂದು ಹಾರೈಸುತ್ತಿದ್ದೆ.

ಹೋದ ವಾರ ಸಂಜೆ ಕಾಲೇಜಿನಿಂದ ಬರುವಾಗ ಅವಳು ಹಲಗೆಯ ಮುಂದಿದ್ದಳು. ಗುರುವಾರ ಕರೆಂಟು ಇರುವುದಿಲ್ಲವಂತೆ. ಕೆಂಪು ಗೆರೆ ಎಳೆದು, ಬಾಯಿಬಿಟ್ಟು ಓದಿ, ಫೋನು ಎತ್ತಿದಳು. ಜಗಲಿಯ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಬಿಡಿಸದೆ ಬಿದ್ದಿತ್ತು. ನನ್ನನ್ನು ಕಂಡು, "ಏನ್ ಲಾಯರಮ್ಮ, ಇವತ್ತು ವಾದ ಇಲ್ವಾ?" ಎಂದಳು.

ಇಷ್ಟು ತಿಂಗಳಿಂದ ಬಾಯಿಪಾಠ ಮಾಡಿಟ್ಟಿದ್ದ ಪೀಠಿಕೆಯೆಲ್ಲ ಮರೆತುಹೋಯಿತು.

"ಅಕ್ಕ, ಆವತ್ತು ಡಬ್ಬಿ ಊಟದ ಸಾಲಿನ ಕೊನೇಲಿ ನೀವು ಅಂತೆ ಬರ್ದಿದ್ರಿ. ಯಾರೋ ಹೇಳಿದ್ದಲ್ಲ ಇದು, ನಾನೇ ನೋಡಿದ್ದು. ನೀವು ಬರ್ದಿದ್ದು ನಿಮ್ಗೆ ನೆನಪಿತ್ತಾ, ಇಲ್ವಾ?"